ಹಂದಿಗೋಡು ಕಾಯಿಲೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುವ ಮೂಳೆರೋಗ. ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂದದ್ದರಿಂದ ಈ ಹೆಸರು. ಹೆಚ್ಚು ನೊಂದವರು ಚನ್ನಂಗಿ ಮತ್ತು ಛಲವಾದಿ ಸಮುದಾಯದ ಕೃಷಿ ಕಾರ್ಮಿಕರು; ಬಗ್ಗಿ ನಾಟಿ ಮಾಡುವ ಮೈಗೇ ಈ ಪೆಟ್ಟು ಬಿತ್ತು. ಗದ್ದೆಯ ಏಡಿ ಮತ್ತು ಕೀಟನಾಶಕದ ಮೇಲಿದ್ದ ಮೊದಲ ಅನುಮಾನ ಹಿಂದೆ ಸರಿದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನಗಳಿಂದ ರೋಗ ಆನುವಂಶಿಕವೆಂದು ತಿಳಿಯಿತು. ತಂದೆ, ತಾಯಿಯರಲ್ಲಿ ಒಬ್ಬರಿಂದಲೇ ಇದು ಮಗುವಿಗೆ ಬರಬಹುದು.

ಮುಖ್ಯವಾಗಿ ಸವೆಯುವುದು ಸೊಂಟದ ಕೀಲು. ಕೆಲವರಲ್ಲಿ ಬೆನ್ನುಮೂಳೆಯ ಕಶೇರುಮಣಿಗಳೂ ಚಪ್ಪಟೆಯಾಗುತ್ತವೆ, ಎತ್ತರ ಕುಗ್ಗುತ್ತದೆ. ಕೀಲು ಮಡಚಿಕೊಂಡೇ ಬಿಗಿದರೆ ಸೊಂಟ ಮುಂದಕ್ಕೆ ವಾಲುತ್ತದೆ; ನೆಟ್ಟಗೆ ನಿಲ್ಲಲು ಕೆಳಬೆನ್ನು ಅತಿಯಾಗಿ ಒಳಬಾಗಿ, ಹಿಂಬದಿಯ ಸಣ್ಣ ಕೀಲುಗಳ ಮೇಲೆ ಭಾರ ಬಿದ್ದು ಬೆನ್ನು ನೋಯುತ್ತದೆ.

ಇಂಥ ನೋವಿಗೆ ಬೆನ್ನಿಗಷ್ಟೇ ಚಿಕಿತ್ಸೆ ಮಾಡಿದರೆ ಸಾಲದು. ಬೆನ್ನಿನ ಡಿಕಂಪ್ರೆಷನ್ ಶಸ್ತ್ರಚಿಕಿತ್ಸೆ ನರದ ಮೇಲಿನ ಒತ್ತಡವನ್ನು ಇಳಿಸಬಲ್ಲದು, ಬೆನ್ನಿನ ಆಕಾರವನ್ನು ಮರಳಿಸದು. ಅದರಲ್ಲಿ ತೆಗೆಯುವ ಹಿಂಬದಿಯ ಮೂಳೆ ಮತ್ತು ಆ ಸಣ್ಣ ಕೀಲುಗಳೇ ಕಶೇರುಮಣಿ ಜಾರದಂತೆ ಹಿಡಿದಿರುವುದು. ಮಿತಿಮೀರಿ ತೆಗೆದರೆ ಬೆನ್ನು ಅಸ್ಥಿರವಾಗುತ್ತದೆ.

ನೋವಿನ ಮೂಲ ಸೊಂಟದ ಕೀಲಿನಲ್ಲಿರಬಹುದಾದ್ದರಿಂದ, ಈ ಕುಟುಂಬಗಳವರು ಬೆನ್ನುನೋವೆಂದು ಬಂದಾಗ ವೈದ್ಯರು ಸೊಂಟದ ಕೀಲಿನ ಎಕ್ಸ್‌ರೇಯನ್ನೂ ತಪ್ಪದೆ ನೋಡಬೇಕು.