ಪರ್ಸಿ ಕಲ್ಲಿನೊಳಗಿನ ಸಮುದ್ರ

ಭಂಕೂರ, ಶಹಾಬಾದ, ವಾಡಿ ಕಡೆ ಪರ್ಸಿ ಕಲ್ಲಿಲ್ಲದ ಮನೆ ಹುಡುಕುವುದು ಕಷ್ಟ. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಅಡುಗೆಮನೆಯ ಗೂಡಿಗೂ ಅದೇ. ಎಷ್ಟೋ ಮಸೀದಿಗಳ ಅಂಗಳದಲ್ಲಿ ಸಫ್‌ಗಳು ನಿಲ್ಲುವುದೂ ಅದರ ಮೇಲೆಯೇ. ಹೆಸರು ಸಹ ನಮ್ಮ ಬಾಯಿಯದೇ. ಉರ್ದುವಿನ ಫರ್ಶ್, ಅಂದರೆ ನೆಲ. ಇಷ್ಟು ಹತ್ತಿರದ ಈ ಕಲ್ಲು ಎಲ್ಲಿಂದ ಬಂತು ಎಂದು ಏಳನೇ ತರಗತಿಯ ಮಗು ಕೇಳಿದರೆ ನಾವು "ಖಣಿಯಿಂದ" ಎಂದು ಹೇಳಿ ಸುಮ್ಮನಾಗುತ್ತೇವೆ. ಖಣಿಗೆ ಎಲ್ಲಿಂದ ಬಂತು?

ಸಮುದ್ರದಿಂದ ಬಂತು. ಇಂದು ಹತ್ತಿ, ತೊಗರಿ ಬೆಳೆಯುವ ಈ ಬಿಸಿಲು ನಾಡಿನಲ್ಲಿ ಒಮ್ಮೆ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಸುಣ್ಣದ ಅಂಶವಿರುವ ನುಣುಪು ಕೆಸರು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಗಟ್ಟಿಯಾಗಿ ಕಲ್ಲಾಯಿತು. ಉಳಿ ಇಟ್ಟು ಹೊಡೆದರೆ ಪರ್ಸಿ ಹಲಗೆಯಂತೆ ಏಳುವುದು ಆ ಪದರಗಳಿಂದಲೇ. ಭೂವಿಜ್ಞಾನಿಗಳು ಸಾಮಾನ್ಯವಾಗಿ ಇದನ್ನು 100 ಕೋಟಿ ಮತ್ತು 54 ಕೋಟಿ ವರ್ಷಗಳ ಹಿಂದಿನ ನಡುವಣ ಕಾಲಕ್ಕೆ ಸೇರಿಸುತ್ತಾರೆ. ನಿಖರ ವಯಸ್ಸಿನ ಬಗ್ಗೆ ಅವರಲ್ಲಿ ಇನ್ನೂ ಚರ್ಚೆ ನಡೆದಿದೆ. ಸಮುದ್ರವಿದ್ದರೆ ಶಂಖ, ಚಿಪ್ಪು, ಮೀನಿನ ಮುಳ್ಳು ಏಕೆ ಸಿಗುವುದಿಲ್ಲ? ಚಿಪ್ಪಿರುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ. ಆ ಕಡಲಿನಲ್ಲಿ ಇದ್ದದ್ದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು.

ಈ ಕೋಟಿಗಳ ಲೆಕ್ಕ ಕೇಳಿದಾಗ ಕೆಲವು ತಂದೆತಾಯಂದಿರು ನಮ್ಮ ಬಳಿ ಬಂದು, "ಹಜ್ರತ್, ಇಂಥದ್ದನ್ನೆಲ್ಲ ಮಕ್ಕಳಿಗೆ ಓದಿಸಬಹುದಾ?" ಎಂದು ಅಂಜುತ್ತಾ ಕೇಳುತ್ತಾರೆ. ಅವರಿಗೆ ನಾವು ಅಲ್‌ಬಿರೂನಿಯ ಹೆಸರು ಹೇಳುತ್ತೇವೆ. ಸುಮಾರು ಸಾವಿರ ವರ್ಷಗಳ ಹಿಂದೆ ಆ ಆಲಿಮರು ಊರುಗಳ ನಡುವಿನ ದೂರ ಅಳೆದು ಕಿಬ್ಲಾದ ದಿಕ್ಕು ಗೊತ್ತುಮಾಡುವ ದೊಡ್ಡ ಗ್ರಂಥ ಬರೆದರು. ಅದೇ ಗ್ರಂಥದಲ್ಲಿ, ಅರಬರ ಮರುಭೂಮಿ ಒಂದು ಕಾಲಕ್ಕೆ ಸಮುದ್ರವಾಗಿತ್ತು, ಬಾವಿ ತೋಡುವಾಗ ಸಿಗುವ ಪದರಗಳು ಮತ್ತು ಚಿಪ್ಪುಗಳೇ ಅದಕ್ಕೆ ಸಾಕ್ಷಿ ಎಂದೂ ವಾದಿಸಿದರು. ಕಿಬ್ಲಾ ಹುಡುಕುವ ಪುಸ್ತಕದಲ್ಲಿಯೇ ಈ ಮಾತಿದೆ ಎಂಬುದನ್ನು ಗಮನಿಸಬೇಕು. ಮುಂದೆ ಹಿಂದೂಸ್ತಾನದ ಬಗ್ಗೆ ಬರೆದಾಗ ಅವರು ನದಿಯ ಕಲ್ಲುಗಳನ್ನು ನೋಡಿದರು. ಬೆಟ್ಟದ ಹತ್ತಿರ ದಪ್ಪ, ದೂರ ಹೋದಂತೆ ಸಣ್ಣ, ಕೊನೆಗೆ ಬರೀ ಮರಳು. ಉತ್ತರದ ಬಯಲು ಹಿಂದೆ ಸಮುದ್ರವಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿತು ಎಂದು ತೀರ್ಮಾನಿಸಿದರು. ಅವರ ಸಮಕಾಲೀನ ಇಬ್ನ್ ಸೀನಾ ಕೂಡ ಕೆಸರು ಕಲ್ಲಾಗುವ ಬಗೆಯನ್ನು ಕುರಿತು ಬರೆದಿದ್ದಾರೆ. ಇವರಾರೂ ದೀನಿಗೆ ಹೊರಗಿನವರಲ್ಲ.

ನಮ್ಮ ಕಲ್ಲಿಗೆ ಪುಸ್ತಕದಲ್ಲಿ ಹೆಸರು ಬಂದದ್ದು ಬಹಳ ತಡವಾಗಿ. 1871ರಲ್ಲಿ ಮುಂಬೈ ಕಡೆಯ ರೈಲು ಈ ಸೀಮೆ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಅದೇ ಹೊತ್ತಿಗೆ, 1872ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಈ ಶಿಲೆಗಳಿಗೆ ಭೀಮಾ ನದಿಯ ಹೆಸರಿಟ್ಟರು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಭೂವಿಜ್ಞಾನಿ ಸಿ. ಮಹದೇವನ್ ಇವನ್ನು ಮತ್ತೆ ಅಭ್ಯಾಸ ಮಾಡಿದರು. ಇಂದು ಜಗತ್ತಿನ ಯಾವ ಭೂವಿಜ್ಞಾನಿ ಈ ಕಲ್ಲಿನ ಬಗ್ಗೆ ಓದಿದರೂ ಕೆಳಗಿನ ಶಿಲಾಗುಂಪಿಗೆ ಸೇಡಂ ಎಂದೂ, ಅದರ ಸುಣ್ಣಕಲ್ಲಿಗೆ ಶಹಾಬಾದ ಎಂದೂ ಹೆಸರಿರುವುದನ್ನು ಕಾಣುತ್ತಾನೆ. ಖಣಿಯಲ್ಲಿ ತಲೆಮಾರುಗಳಿಂದ ಕಲ್ಲು ಎಬ್ಬಿಸಿದ ನಮ್ಮ ಜನರಿಗೆ ಯಾವ ಪದರ ಎಲ್ಲಿ ಬಿಡುತ್ತದೆ ಎಂಬುದು ಕೈಯಲ್ಲೇ ಗೊತ್ತು. ಅವರ ಮಕ್ಕಳ ಪಾಠದಲ್ಲಿ ಮಾತ್ರ ಸೇಡಂ, ಶಹಾಬಾದ ಕಾಣುವುದಿಲ್ಲ. ಇದು ನಮಗೆ ಸರಿ ಕಾಣುವುದಿಲ್ಲ.

ಚಿಂಚೋಳಿ ಕಡೆ ಹೋದರೆ ನೆಲ ಬದಲಾಗುತ್ತದೆ. ಅಲ್ಲಿನ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ನಮ್ಮ ಪರ್ಸಿಯ ಮೇಲೂ ಹರಡಿತ್ತು. ಎರಡು ಕಲ್ಲು ಕೂಡುವ ಗೆರೆಯ ಮೇಲೆ ಬೆರಳಿಟ್ಟರೆ, ಆ ಬೆರಳಿನಡಿ 40 ಕೋಟಿಗೂ ಹೆಚ್ಚು ವರ್ಷಗಳ ಲೆಕ್ಕ ಸಿಗದೆ ಹೋಗಿದೆ.

ಈ ಕಲ್ಲಿನ ಕಥೆ ಆಕಾಶದವರೆಗೂ ಹೋಗುತ್ತದೆ. 1967ರಲ್ಲಿ ರಷ್ಯನ್ನರ ವೆನೆರಾ 4 ನೌಕೆ ಶುಕ್ರ ಗ್ರಹದ ಗಾಳಿಯನ್ನು ಪರೀಕ್ಷಿಸಿದಾಗ ಅದು ಬಹುಪಾಲು ಇಂಗಾಲದ ಡೈಆಕ್ಸೈಡ್ ಎಂದು ತಿಳಿಯಿತು. ಈಗಿನ ಲೆಕ್ಕದಲ್ಲಿ ಅದು ನೂರಕ್ಕೆ 96 ಪಾಲು. ಅಲ್ಲಿನ ನೆಲದ ಬಿಸಿ 460 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಸೀಸವೂ ಕರಗುತ್ತದೆ. ಭೂಮಿ ಹಾಗಾಗಲಿಲ್ಲ. ಇಲ್ಲಿ ನೀರಿತ್ತು, ಸಮುದ್ರಗಳು ಆ ಅನಿಲವನ್ನು ಹೀರಿ ಸುಣ್ಣಕಲ್ಲಿನಲ್ಲಿ ಕಟ್ಟಿಹಾಕಿದವು. ನಮ್ಮ ಪರ್ಸಿಯಲ್ಲಿರುವುದೂ ಅಂಥ ಹಳೆಯ ಗಾಳಿಯೇ. ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿ ಸುಣ್ಣಕಲ್ಲು ಸುಮಾರು 900 ಡಿಗ್ರಿಗೆ ಕಾದಾಗ ಅದು ಮತ್ತೆ ಹೊರಗೆ ಬರುತ್ತದೆ.

ಅದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಒಡೆದ ಪರ್ಸಿಯ ಚೂರೊಂದನ್ನು ಮೊಳೆಯಿಂದ ಕೆರೆದು, ಬಿದ್ದ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಹೊರಗೆ ಬಿದ್ದ ಚೂರಿನ ಮೇಲೆ ಮಾಡಿ, ಅಮ್ಮೀ ಒರೆಸಿಟ್ಟ ನೆಲದ ಮೇಲೆ ಬೇಡ. ನಿಂಬೆರಸದ ಕಲೆ ಪರ್ಸಿಯಿಂದ ಹೋಗುವುದಿಲ್ಲ.