ಹಿನ್ನೋಟ (ಯೋಜನಾ ಕಲಿಕೆಯಲ್ಲಿ)

ಪ್ರಾಥಮಿಕ ತರಗತಿಯ ಮಕ್ಕಳು ಯೋಜನೆಯೊಂದನ್ನು ಕೈಗೊಂಡಾಗ ತಾವು ಏನು ಮಾಡಿದೆವು, ಏಕೆ ಹಾಗೆ ಮಾಡಿದೆವು, ಎಲ್ಲಿ ಎಡವಿದೆವು ಎಂದು ನಿಂತು ನೋಡಿಕೊಳ್ಳುವ ಕಲಿಕಾ ಹಂತ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರ ‘ಹೌ ವಿ ಥಿಂಕ್’ ಕೃತಿಯಲ್ಲಿ, ಆಧಾರಗಳನ್ನು ತೂಗಿ ಹಿಂದುಮುಂದು ನೋಡಿ ಯೋಚಿಸುವುದನ್ನು ಶಾಲೆ ಬೆಳೆಸಬೇಕೆಂದರು. ಅವರ ಶಿಷ್ಯ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಗೆ ಉದ್ದೇಶ, ಸಿದ್ಧತೆ, ಕಾರ್ಯ, ತೀರ್ಮಾನ ಎಂಬ ನಾಲ್ಕು ಹಂತ ಹೇಳಿದರು. ಹಿನ್ನೋಟದ ಬೇರು ಈ ಕೊನೆಯ ಹಂತದಲ್ಲಿದೆ. ಹೊತ್ತಿಲ್ಲವೆಂದು ಶಾಲೆಗಳು ಮೊದಲು ಕೈಬಿಡುವುದೂ ಇದನ್ನೇ.

ನಾಲ್ಕನೇ ತರಗತಿಯ ಗುಂಪೊಂದು ತೆಂಗಿನ ಚಿಪ್ಪುಗಳಲ್ಲಿ ಹೆಸರುಕಾಳು ಬಿತ್ತಿದೆ ಎನ್ನೋಣ. ಒಂದರಲ್ಲಿ ಮೊಳಕೆ ಕೊಳೆತಿದೆ. ‘ಏನು ಕಲಿತಿರಿ?’ ಎಂದರೆ ‘ಗಿಡ ಬೆಳೆಸೋದು, ಮಿಸ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಈ ಚಿಪ್ಪಿಗೆ ಹಾಕಿದ ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿದರೆ ಮಕ್ಕಳು ಅದನ್ನು ಮಗುಚಿ ನೋಡುತ್ತಾರೆ. ತಳಕ್ಕೆ ತೂತಿಲ್ಲ. ಮುಂದಿನ ಸಲ ಮೊಳೆಯಿಂದ ತೂತು ಹಾಕುವ ಮಾತು ಅವರ ಬಾಯಿಂದಲೇ ಬರುತ್ತದೆ. ಅಂದವಾಗಿ ಅಂಟಿಸಿದ ಯಾವ ಚಾರ್ಟೂ ಈ ಗಳಿಗೆಗೆ ಸಮವಲ್ಲ.

ಬರವಣಿಗೆ ಇನ್ನೂ ಒಲಿಯದ ಪುಟ್ಟ ಮಕ್ಕಳು ಚಿತ್ರ ಬಿಡಿಸಿಯೋ ಮನೆಮಾತಿನಲ್ಲಿ ಹೇಳಿಯೋ ಹಿನ್ನೋಟ ಮಾಡಬಲ್ಲರು. ಮಗುವಿನ ಕೆಲಸಗಳನ್ನು ಕೂಡಿಸಿಡಲು ಕರ್ನಾಟಕದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೃತಿಸಂಪುಟ ಇದಕ್ಕೆ ಒಳ್ಳೆಯ ಜಾಗ; ಕೆಟ್ಟುಹೋದ ಮೊದಲ ಪ್ರಯತ್ನದ ಹಾಳೆಯನ್ನೂ ಅದರಲ್ಲಿ ಉಳಿಸಬೇಕು. ಯೋಜನೆಯ ನಡುವೆಯೇ ಹಿನ್ನೋಟ ನಡೆದರೆ ತಿದ್ದಿಕೊಳ್ಳಲು ಕಾಲವಿರುತ್ತದೆ. ಅದಕ್ಕೆ ಅಂಕ ಹಾಕತೊಡಗಿದರೆ ಮಾತ್ರ ಮಕ್ಕಳು ಮೇಷ್ಟರಿಗೆ ಹಿಡಿಸುವ ಉತ್ತರವನ್ನೇ ಬರೆಯುತ್ತಾರೆ.