ವಸತಿ ಶಾಲೆಯಲ್ಲಿ ಟೈಪ್ 1 ಮಧುಮೇಹವುಳ್ಳ ಮಗುವಿನ ಆರೈಕೆ: ಪೋಷಕರಿಗೆ ಮಾಹಿತಿ

ಆರನೇ ತರಗತಿಗೆ ವಸತಿ ಶಾಲೆಗಳಲ್ಲಿ ಪ್ರವೇಶ ಪಡೆಯುವ ಮಕ್ಕಳ ಪೈಕಿ ಟೈಪ್ 1 ಮಧುಮೇಹವುಳ್ಳವರೂ ಇರುತ್ತಾರೆ. ಸದರಿ ಮಕ್ಕಳ ದೇಹದಲ್ಲಿ ಇನ್ಸುಲಿನ್ ಉತ್ಪತ್ತಿಯಾಗದ ಕಾರಣ ಪ್ರತಿದಿನ ಚುಚ್ಚುಮದ್ದಿನ ಮೂಲಕ ಅದನ್ನು ನೀಡುವುದು ಅನಿವಾರ್ಯ. ಇದು ಸಿಹಿ ತಿನ್ನುವುದರಿಂದ ಬರುವ ಕಾಯಿಲೆಯಲ್ಲ, ಅಂಟುರೋಗವೂ ಅಲ್ಲ.

ಮನೆಯಲ್ಲಿ ತಾಯಿ ತಂದೆಯರು ನಿರ್ವಹಿಸುತ್ತಿದ್ದ ಈ ಹೊಣೆಯನ್ನು ಶಾಲೆಯ ಶುಶ್ರೂಷಕಿಗೆ ವಹಿಸುವಾಗ ಆತಂಕವಾಗುವುದು ಸಹಜ. ಶುಶ್ರೂಷಕಿಯ ಮೇಲಿನ ನಂಬಿಕೆಗೆ ಅವರ ಒಳ್ಳೆಯತನವೊಂದೇ ಆಧಾರವಾಗಬಾರದು. ಲಿಖಿತ ಸೂಚನೆ ಹಾಗೂ ದೈನಂದಿನ ದಾಖಲೆಗಳೂ ಆಧಾರವಾಗಿರತಕ್ಕದ್ದು.

ಪ್ರವೇಶದ ಸಮಯದಲ್ಲಿ ಒದಗಿಸಬೇಕಾದವುಗಳು

1. ಚಿಕಿತ್ಸೆ ನೀಡುತ್ತಿರುವ ವೈದ್ಯರು ಸಹಿ ಮಾಡಿದ ಆರೈಕೆ ಯೋಜನೆ. ಇದರಲ್ಲಿ ಇನ್ಸುಲಿನ್ ಹೆಸರು, ಪ್ರಮಾಣ, ವೇಳೆ, ರಕ್ತ ಪರೀಕ್ಷೆಯ ವೇಳೆ ಮತ್ತು ವೈದ್ಯರಿಗೆ ಕರೆ ಮಾಡಬೇಕಾದ ಸಂದರ್ಭಗಳು ನಮೂದಾಗಿರಬೇಕು.
2. ಪೋಷಕರ ಒಪ್ಪಿಗೆ ಪತ್ರ. ಪ್ರಮಾಣವನ್ನು ಯಾರ ಸೂಚನೆಯ ಮೇರೆಗೆ ಬದಲಿಸಬಹುದೆಂಬುದನ್ನು ಇದರಲ್ಲಿ ಸ್ಪಷ್ಟಪಡಿಸುವುದು.
3. ಗ್ಲೂಕೋಮೀಟರ್, ಪರೀಕ್ಷಾ ಪಟ್ಟಿಗಳು, ಇನ್ಸುಲಿನ್, ಸಿರಿಂಜು ಮತ್ತು ಗ್ಲೂಕೋಸ್ ಪುಡಿ. ಇವುಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ ಉಭಯತ್ರರೂ ಸಹಿ ಮಾಡುವುದು.
4. ರಾತ್ರಿ ವೇಳೆಯೂ ದೊರೆಯುವ ಎರಡು ದೂರವಾಣಿ ಸಂಖ್ಯೆಗಳು.

ವಿಶೇಷ ಎಚ್ಚರಿಕೆ

ನಮ್ಮಲ್ಲಿ ಇನ್ಸುಲಿನ್ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಹಾಗೂ 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. 40 ಯೂನಿಟ್‌ನ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳ ಇರುತ್ತದೆ. 100 ಯೂನಿಟ್‌ನ ಔಷಧವನ್ನು 40 ಯೂನಿಟ್‌ನ ಸಿರಿಂಜಿನಲ್ಲಿ ಅಳೆದಲ್ಲಿ ಮಗುವಿಗೆ ಎರಡೂವರೆ ಪಟ್ಟು ಔಷಧ ಸೇರುತ್ತದೆ. ಆದುದರಿಂದ ಪೋಷಕರು ಮೊದಲ ಚುಚ್ಚುಮದ್ದನ್ನು ಶುಶ್ರೂಷಕಿಯ ಜೊತೆಗಿದ್ದು ಕೊಡಿಸುವುದು ಸೂಕ್ತ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡತಕ್ಕದ್ದು, ಹೆಪ್ಪುಗಟ್ಟಿದ್ದನ್ನು ಬಳಸಬಾರದು.

ಊಟದ ಮೊದಲು ಕೊಡುವ ಇನ್ಸುಲಿನ್ ಪಡೆದ ಮೇಲೆ ಊಟ ತಡವಾಗಬಾರದು. ಶಾಲೆಯ ಊಟದ ವೇಳಾಪಟ್ಟಿಯನ್ನು ಮುಂಚಿತವಾಗಿ ವೈದ್ಯರಿಗೆ ತೋರಿಸುವುದು.

ಸಕ್ಕರೆ ಅಂಶ ಕುಸಿದಾಗ

ಬೆವರು, ನಡುಕ, ವಿಪರೀತ ಹಸಿವು, ಮಂಕು ಇಲ್ಲವೇ ಅಕಾರಣ ಸಿಟ್ಟು ಇದರ ಲಕ್ಷಣಗಳು. ರಕ್ತದ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದಲ್ಲಿ ಯೋಜನೆಯಲ್ಲಿ ತಿಳಿಸಿದಷ್ಟು ಗ್ಲೂಕೋಸ್ (ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ 15 ಗ್ರಾಂ) ನೀಡಿ, 15 ನಿಮಿಷಗಳ ನಂತರ ಮರುಪರೀಕ್ಷೆ ಮಾಡುವುದು. ಮಗುವನ್ನು ಒಂಟಿಯಾಗಿ ಕಳುಹಿಸಬಾರದು. ಪ್ರಜ್ಞೆ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.

ಸಾಮಾನ್ಯ ಪ್ರಶ್ನೆಗಳು

ಪ್ರ: ಶುಶ್ರೂಷಕಿ ರಜೆಯಲ್ಲಿದ್ದರೆ?
ಉ: ನಿಲಯಪಾಲಕರು ಹಾಗೂ ಒಬ್ಬ ಶಿಕ್ಷಕರಿಗೆ ಮೇಲ್ಕಂಡ ಕ್ರಮಗಳನ್ನು ಮೊದಲೇ ತಿಳಿಸಿಕೊಡುವಂತೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸುವುದು. ರಜೆಯ ಅವಧಿಯಲ್ಲಿ ಚುಚ್ಚುಮದ್ದು ಯಾರು ನೀಡುವರೆಂಬುದನ್ನೂ ಅದರಲ್ಲಿ ಗೊತ್ತುಪಡಿಸಿಕೊಳ್ಳುವುದು.

ಪ್ರ: ಜ್ವರ ಬಂದು ಮಗು ಊಟ ಬಿಟ್ಟರೆ ಇನ್ಸುಲಿನ್ ನಿಲ್ಲಿಸಬಹುದೇ?
ಉ: ಸ್ವಂತ ನಿರ್ಧಾರದಿಂದ ಪೂರ್ಣವಾಗಿ ನಿಲ್ಲಿಸಬಾರದು. ಅದರಿಂದ ಪ್ರಾಣಾಪಾಯ ಸಂಭವಿಸಬಹುದು. ಕೂಡಲೇ ವೈದ್ಯರನ್ನು ಸಂಪರ್ಕಿಸುವುದು.

ಪ್ರ: ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಬಹುದೇ?
ಉ: ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿ ಟೈಪ್ 1 ಮಧುಮೇಹವುಳ್ಳ ವಿದ್ಯಾರ್ಥಿಗಳಿಗೆ ಇದಕ್ಕೆ ಅವಕಾಶ ಕಲ್ಪಿಸಿದೆ. ಇತರ ಪರೀಕ್ಷೆಗಳಿಗೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮುಂಚಿತವಾಗಿ ಅನುಮತಿ ಕೋರುವುದು.

ದಾಖಲೆ ಪುಸ್ತಕ

ಪ್ರತಿ ಪರೀಕ್ಷೆಯ ಅಂಕಿ, ನೀಡಿದ ಯೂನಿಟ್, ವೇಳೆ ಮತ್ತು ಸಹಿ ಇರುವ ಒಂದು ಪುಸ್ತಕವನ್ನು ನಿರ್ವಹಿಸುವಂತೆ ಕೋರುವುದು. ಭೇಟಿಯ ದಿನ ಅದನ್ನು ಗ್ಲೂಕೋಮೀಟರ್‌ನಲ್ಲಿ ಉಳಿದಿರುವ ಅಂಕಿಗಳೊಂದಿಗೆ ತಾಳೆ ನೋಡಬಹುದು. ವ್ಯತ್ಯಾಸ ಕಂಡಲ್ಲಿ ದೋಷಾರೋಪಣೆ ಮಾಡದೆ ಕಾರಣ ವಿಚಾರಿಸುವುದು. ತಾಳೆ ನೋಡುವುದು ಅಪನಂಬಿಕೆಯ ಸೂಚನೆಯಲ್ಲ. ಪ್ರಾಮಾಣಿಕವಾಗಿ ಕರ್ತವ್ಯ ನಿರ್ವಹಿಸುವ ಶುಶ್ರೂಷಕಿಗೂ ಈ ಪುಸ್ತಕವೇ ರಕ್ಷಣೆ.

ಸೂಚನೆ: ಈ ಮಾಹಿತಿಯು ವೈದ್ಯರ ಸಲಹೆಗೆ ಬದಲಿಯಲ್ಲ.